ಕಸ್ತೂರಿಗೆ ಹಲಗೆ ಕಾಣುತ್ತಿರಲಿಲ್ಲ

ಕಾಗವಾಡದ ಕಡೆ ದ್ರಾಕ್ಷಿ ಕೊಯ್ಲು ಶುರುವಾಯಿತೆಂದರೆ ನಮ್ಮ ಕನ್ನಡ ಶಾಲೆಯ ಅರ್ಧ ವರ್ಗ ಖಾಲಿಯಾಗುತ್ತಿದ್ದ ಕಾಲ ಅದು. ಎರಡು ಸಾವಿರದ ಇಸವಿ ದಾಟಿ ಕೆಲವೇ ವರ್ಷಗಳಾಗಿದ್ದವು. ಒಣದ್ರಾಕ್ಷಿ ಶೆಡ್ಡುಗಳ ಗಂಧಕದ ವಾಸನೆ ಬಿಸಿಯೂಟದ ಸಾರಿನ ಘಮದ ಜೊತೆಗೇ ಮೂಗಿಗೆ ಬರುತ್ತಿತ್ತು. ನನ್ನ ಗೆಳತಿ ಕಸ್ತೂರಿ ಮಾತ್ರ ಶಾಲೆ ತಪ್ಪಿಸುತ್ತಿರಲಿಲ್ಲ. ಅವಳ ಅವ್ವ-ಅಪ್ಪ ತೋಟದ ಕೂಲಿಗಳು. ಲಂಗದ ತುದಿಗೆ ಒಣದ್ರಾಕ್ಷಿ ಗಂಟು ಹಾಕಿಕೊಂಡು ಬಂದು ನನಗೂ ಕೊಡುತ್ತಿದ್ದಳು.

ಅವಳಿಗೆ ದೂರದ್ದು ಕಾಣುತ್ತಿರಲಿಲ್ಲ. ನಮ್ಮ ಟೀಚರನ್ನು ನಾವು ಅಕ್ಕೋರು ಎನ್ನುತ್ತಿದ್ದೆವು. ಅವರು ಕಸ್ತೂರಿಯನ್ನು ಕರಿಹಲಗೆಯ ಬುಡದಲ್ಲೇ ಕೂರಿಸುತ್ತಿದ್ದರು. ಪುಸ್ತಕ ಕೊಟ್ಟರೆ ಕಣ್ಣಿಗೆ ಹಿಡಿದು ನನಗಿಂತ ಚೆನ್ನಾಗಿ ಓದುತ್ತಿದ್ದಳು.

ನಾವು ಐದನೆಯ ತರಗತಿಯಲ್ಲಿದ್ದ ವರ್ಷ ಶಿಕ್ಷಣ ಇಲಾಖೆಯಿಂದ ತಪಾಸಣೆಗೆ ಬಂದ ಸಾಹೇಬರು, ಜಾಣರನ್ನೇ ಮುಂದೆ ಕೂರಿಸಿದ್ದಾರೆಂದು ಅನುಮಾನಪಟ್ಟು ಮುಂದಿನ ಸಾಲನ್ನು ಹಿಂದಕ್ಕೆ ಕಳಿಸಿದರು. ಹಲಗೆಯ ಮೇಲೆ ಒಂದು ಸಾಲು ಬರೆದು ಕಸ್ತೂರಿಯತ್ತ ಕೈ ಮಾಡಿದರು.

ಅವಳು ಎದ್ದು ನಿಂತಳು. ಕಣ್ಣು ಕಿರಿದು ಮಾಡಿದಳು. ಹಲಗೆಯತ್ತ ಕತ್ತು ಚಾಚಿದಳು.

“ಐದನೆತ್ತೆಗಿ ಬಂದಿ, ಒಂದ್ ಸಾಲ ಓದಾಕ ಬರಂಗಿಲ್ಲೇನ?”

ನಾನು ತಡೆಯಲಾರದೆ ಎದ್ದೆ. “ಆಕಿಗಿ ದೂರಿಂದ ಕಾಣಂಗಿಲ್ರಿ ಸರ್. ಪುಸ್ತಕ ಕೊಡ್ರಿ, ಓದ್ತಾಳ.”

“ನಿನಗ್ಯಾರ ಕೇಳ್ಯಾರ? ಕೂಡು.”

“ಹುಡುಗಿ ಖರೇನ ಹೇಳಾಕತ್ತಾಳ್ರಿ,” ಎಂದರು ಅಕ್ಕೋರು. “ಚಷ್ಮಾ ಕೊಡಸ್ರಿ ಅಂತ ನಿಮ್ಮ ಆಫೀಸಿಗೇ ಎಷ್ಟ ಸಲ ಬರದೀನ್ರಿ.”

“ಚಷ್ಮಾ ನೋಡಾಕ ಬಂದಿಲ್ರಿ ನಾವು. ಹುಡುಗುರು ಓದತಾವೋ ಇಲ್ಲೋ, ಅಷ್ಟ ನೋಡೂದು.”

ಬೆಳಿಗ್ಗೆ ಏನೂ ತಿನ್ನದೆ ಬಂದಿದ್ದ ಇನ್ನಿಬ್ಬರು ಮಗ್ಗಿಯಲ್ಲಿ ತಡವರಿಸಿದರು. ಅವರನ್ನು ಯಾರೂ ಉಂಡಿರಾ ಎಂದು ಕೇಳಲಿಲ್ಲ. ನಮ್ಮ ಶಾಲೆ ಕಳಪೆ ಎಂದು ಬರೆದುಕೊಂಡು ಸಾಹೇಬರು ಜೀಪು ಹತ್ತಿದರು. ಅಕ್ಕೋರಿಗೆ ನೋಟಿಸು ಬಂತು.

ಸುದ್ದಿ ಊರೆಲ್ಲ ಹರಡಿತು. “ಸಾಲಿ ಹೆಸರ ಕೆಡಿಸಿದಿ. ಇನ್ನ ಓದಿ ಏನ ಮಾಡ್ತಿ?” ಎಂದು ಕಸ್ತೂರಿಯ ಅಪ್ಪ ಅವಳನ್ನೂ ತೋಟಕ್ಕೆ ಕರೆದೊಯ್ದ. ಅಕ್ಕೋರು ಮನೆತನಕ ಹೋಗಿ ಬೇಡಿಕೊಂಡರೂ ಬಗ್ಗಲಿಲ್ಲ. ನಾನು ಒಬ್ಬಳೇ ಆರನೆಯ ತರಗತಿಗೆ ಹೋದೆ.

ಈಚೆಗೆ ಒಂದು ಮದುವೆಯಲ್ಲಿ ಅವಳು ಸಿಕ್ಕಳು. ದಪ್ಪ ಕನ್ನಡಕ ಹಾಕಿದ್ದಳು.

“ಲಗ್ನ ಆದಮ್ಯಾಲ ಮಿರಜದಾಗ ಮಾಡಿಸ್ಕೊಂಡ್ನಿ. ಹಾಕ್ಕೊಂಡ ಹೊರಗ ಬಂದ್ರ, ಬೇವಿನ ಗಿಡದ ಎಲಿ ಒಂದೊಂದೂ ಬ್ಯಾರೆ ಬ್ಯಾರೆ ಕಂಡ್ವು ನೋಡ. ಗಿಡಾ ಹಂಗಿರ್ತಾವಂತ ನನಗ ಗೊತ್ತ ಇರಲಿಲ್ಲ,” ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ನಮ್ಮ ಶಾಲೆಯ ಗೋಡೆಗೆ ಈಗ ಬಣ್ಣ ಬಂದಿದೆ, ತಪಾಸಣೆಯೂ ತಪ್ಪದೆ ನಡೆಯುತ್ತದಂತೆ. ಕನ್ನಡಕವನ್ನೇನೋ ಅವಳು ತನ್ನ ಕೂಲಿಯಲ್ಲೇ ಮಾಡಿಸಿಕೊಂಡಳು. ಹೋದ ಓದನ್ನು ಯಾವ ಅಂಗಡಿಯಲ್ಲಿ ಮಾಡಿಸಿಕೊಳ್ಳಬೇಕು?