ಇದ್ದಿಲ ಬಸ್ಸಿನ ಗಾಳಿಚಕ್ರ

ಸಿರುಗುಪ್ಪದ ಹೊಳೆಯಲ್ಲಿ ಆಡಿಸುತ್ತೇನೆಂದು ತಿಂಗಳಿಂದ ಮಕ್ಕಳಿಗೆ ಆಸೆ ಹಚ್ಚಿದ್ದೆ. ಬಳ್ಳಾರಿಯಿಂದ ಹೊರಟ ಬಸ್ಸು ಕುರುಗೋಡಿನ ದಾರಿ ಕವಲೊಡೆಯುವಲ್ಲಿ ಮೂರನೆಯ ಸಲ ನಿಂತಿತು. ಯುದ್ಧ ಶುರುವಾಗಿ ಪೆಟ್ರೋಲು ಸಿಗದಾದ ಮೇಲೆ ಬಸ್ಸುಗಳೆಲ್ಲ ಬೆನ್ನಿಗೆ ಒಲೆ ಕಟ್ಟಿಕೊಂಡು ಇದ್ದಿಲ ಹೊಗೆಯಲ್ಲಿ ಓಡುತ್ತವೆ. ಓಡುತ್ತವೆ ಎನ್ನುವುದು ಉದಾರವಾದ ಮಾತು.

“ಕೆಂಡ ಆರೈತ್ರಿ. ಗಂಡಸ್ರು ಪಾಳಿ ಮ್ಯಾಲೆ ತಿರುವ್ರಿ,” ಎಂದು ಡ್ರೈವರು ಒಲೆಗೆ ಗಾಳಿ ಊದುವ ಚಕ್ರ ತೋರಿಸಿ, ತಾನು ಬೇವಿನ ನೆರಳಲ್ಲಿ ಬೀಡಿ ಹಚ್ಚಿದ.

“ಟಿಕೆಟ್ಟು ತಗೊಂಡವ್ರು ತಿರುವಬೇಕೇನ್ರಿ?” ಎಂದೆ.

“ಟಿಕೆಟ್ಟು ಇಲ್ದವ್ರನ್ನ ನಾ ಹತ್ತಿಸೋದೇ ಇಲ್ಲಲ್ರಿ!”

ತಿರುವಿದೆ. ತೋಳು ಸೋತು ಪಕ್ಕಕ್ಕೆ ನೋಡಿದರೆ ಐದು ವರ್ಷದ ಗೌರಿ, ಮೂರು ವರ್ಷದ ಬಸು ಪಾಳಿಗೆ ನಿಂತಿದ್ದರು. ಹಿಡಿಕೆಗೆ ಜೋತುಬಿದ್ದು, ಕಿಡಿ ಹಾರಿದಾಗಲೆಲ್ಲ ಕೇಕೆ ಹಾಕಿದರು. ಹೊಸ ಬಿಳಿ ಅಂಗಿಗಳಿಗೆಲ್ಲ ಮಸಿ.

“ಹೊಳಿ ತೋರಸ್ತೀನಂತ ಕರಕೊಂಡು ಬಂದು ಮಕ್ಕಳ್ನ ಕುಲುಮಿಗೆ ಹಚ್ಚಿದ್ರಿ,” ಎಂದಳು ಹೆಂಡತಿ. ಹೊಳೆದಂಡೆಗೆಂದು ಕಟ್ಟಿದ್ದ ಬುತ್ತಿ ಅಲ್ಲೇ ಮುಗಿಯಿತು.

ಹೊಳೆ ಮುಟ್ಟಿದಾಗ ಹೊತ್ತು ಇಳಿದಿತ್ತು. ತಿರುಗಿ ಹೊರಡುವ ಬಸ್ಸಿಗೆ ಅರ್ಧ ಗಂಟೆಯೂ ಉಳಿದಿರಲಿಲ್ಲ. ಹೆಂಡತಿ ಸಿಟ್ಟಿನಲ್ಲೇ ಇಬ್ಬರ ಮುಖದ ಮಸಿ ತಿಕ್ಕಿ ತೊಳೆದಳು. ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ ಗೌರಿ ನೀರಿನ ಕಡೆ ನೋಡಲೇ ಇಲ್ಲ. ದಂಡೆಯ ಮೇಲೆ ತೋಳು ನೀವಿಕೊಳ್ಳುತ್ತ ಕೂತಿದ್ದ ನನ್ನನ್ನು ಕೇಳಿದಳು:

“ಅಪ್ಪಾ, ಹೋಗುವಾಗೂ ಬಸ್ಸು ನಿಂದ್ರತೈತಿ, ಹೌದಲ್ಲ?”