ಮೂಲೆ ಮನೆಯ ಹಿಡಿ ಅಕ್ಕಿ

ಕೆಂಪಕ್ಕಿಯನ್ನೂ ಬಿಳಿ ಅಕ್ಕಿಯನ್ನೂ ಕೂಡಿಸಿ ಬೇಯಲಿಟ್ಟರೆ ಒಂದು ವಾಸನೆ ಬರುತ್ತದೆ. ಬಿಳಿಯದು ಬೆಂದು ಮೆತ್ತಗಾದ ಮೇಲೂ ಕೆಂಪಿನದು ಹಸಿಮಣ್ಣಿನ ವಾಸನೆ ಬಿಡುತ್ತಲೇ ಇರುತ್ತದೆ. ಮೊನ್ನೆ ಯಾರದೋ ಅಡಿಗೆಮನೆಯಿಂದ ಅದು ತೇಲಿ ಬಂದು ನನ್ನನ್ನು ಶಿಕಾರಿಪುರದ ಪೇಟೆ ಬೀದಿಯಲ್ಲಿ ನಿಲ್ಲಿಸಿತು. ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ನನಗೆ ಎಂಟೋ ಒಂಬತ್ತೋ. ಲಂಗ ತುಳಿದು ಬೀಳುವುದರಲ್ಲಿ ನಿಸ್ಸೀಮಳು. ಒಲೆ ಉರಿಯದ ಮನೆಗಳಿಗೆಂದು ನಮ್ಮ ಬೀದಿಯವರು ದಿನಾ ಬೆಳಿಗ್ಗೆ ಮನೆಗೊಂದು ಹಿಡಿ ಅಕ್ಕಿ ಎತ್ತುತ್ತಿದ್ದರು. ಯಾರಿಗೆ ಕೊಡಬೇಕೆಂಬುದು ನಮ್ಮಜ್ಜಿಗೆ ಮಾತ್ರ ಗೊತ್ತು. ಪಕ್ಕದ ಕಲಾಯಿಗಾರರ ಓಣಿಯಲ್ಲೂ ಇಂಥದೇ ಏರ್ಪಾಡಿತ್ತು, ಅಲ್ಲಿ ಮಾಬೂಬಿಯದು ಯಜಮಾನಿಕೆ.

ಹಿತ್ತಾಳೆ ಬಿಂದಿಗೆ ಹಿಡಿದು ನಾನು ಬೀದಿ ಮುಗಿಯುವ ಮೂಲೆ ಮನೆಯಿಂದಲೇ ಶುರುಮಾಡುತ್ತಿದ್ದೆ. ಖಾಲಿ ಬಿಂದಿಗೆಗೆ ಮೊದಲ ಕಾಳು ಬಿದ್ದಾಗಿನ ಸದ್ದು ನನಗಿಷ್ಟ. ಅಲ್ಲಿದ್ದವಳು ಕೌದಿ ಹೊಲಿಯುವ ಗೌರವ್ವ. ನಮ್ಮ ಪೈಕಿಯವಳೇ, ಬಾಡಿಗೆಗಿದ್ದದ್ದು ಮಾಬೂಬಿಯ ಮನೆಗಂಟಿದ ಕೋಣೆಯಲ್ಲಿ. ಕಣ್ಣು ಮಂಜಾಗಿ ಹೊಲಿಗೆ ನಿಂತಿತ್ತು. ಒಂದು ದಿನ ಅವಳು ಮುಚ್ಚಿದ ಮುಷ್ಟಿಯನ್ನು ಬಿಂದಿಗೆಯೊಳಗಿಟ್ಟು ಬಿಚ್ಚಿದಳು. ಸದ್ದೇ ಬರಲಿಲ್ಲ. ಮರುದಿನವೂ ಇಲ್ಲ. ಯಾರ ಮುಷ್ಟಿಯಲ್ಲಿ ಎಷ್ಟಿದೆಯೆಂದು ನೋಡಬಾರದು, ಆಡಬಾರದು ಎಂದು ಅಜ್ಜಿ ಕಟ್ಟಪ್ಪಣೆ ಮಾಡಿದ್ದಳು. ನಾನು ಮಹಾ ವಿಧೇಯಳು ನೋಡಿ, ನಾಲ್ಕು ದಿನ ಬಾಯಿ ಬಿಡಲಿಲ್ಲ.

ಐದನೆಯ ದಿನ ಆ ಮನೆಯ ಬಾಗಿಲಿಗೆ ಬೀಗ ಬಿದ್ದಿತ್ತು. ಓಡಿ ಬಂದು ಎಲ್ಲ ಹೇಳಿದೆ. ಅಜ್ಜಿ ಒಲೆಯ ಮೇಲಿನ ಹಾಲು ಬಿಟ್ಟು ಮಾಬೂಬಿಯ ಅಂಗಳಕ್ಕೆ ನಡೆದಳು.

"ನಿಮ್ ಗೋಡೆಗಂಟಿದ ಮನೆಯಾಕಿ, ನೀವೇ ಕೊಡ್ತೀರಿ ಅನ್ಕಂಡಿದ್ನಲ್ರೀ."

"ನಿಮ್ ಜನ ಅಲ್ರೀ ಅಕ್ಕಾರೆ, ನಡುವೆ ನಾವು ಕೈ ಹಾಕಿದ್ರೆ ನೀವು ತಪ್ಪು ತಿಳ್ಕಂತೀರೇನೋ ಅಂತ ಸುಮ್ನಿದ್ವಿ."

ಗೌರವ್ವ ನಸುಕಿನ ಬಸ್ಸಿಗೆ ಸೊರಬದ ಕಡೆ ಗದ್ದೆ ಕೆಲಸ ಹುಡುಕಿ ಹೋಗಿದ್ದಳಂತೆ. ಕಣ್ಣು ಕಾಣದವಳು ಯಾರ ಗದ್ದೆಯಲ್ಲಿ ಏನು ನಟ್ಟಿ ಮಾಡಿಯಾಳು? ಅಜ್ಜಿ ಆ ಕಡೆಯವರಿಗೆ ಹೇಳಿಕಳಿಸಿದಳು, ಮಾಬೂಬಿಯ ಮಗ ಹೋಗಿ ಹುಡುಕಿ ಬಂದ. ಸಿಗಲಿಲ್ಲ.

ಅವತ್ತಿನಿಂದ ಎರಡು ಬಿಂದಿಗೆ ಒಂದಾದವು. ನಮ್ಮ ಗದ್ದೆಗಳ ಕೆಂಪಕ್ಕಿ, ಅವರು ಅಂಗಡಿಯಿಂದ ತರುತ್ತಿದ್ದ ಬಿಳಿ ಅಕ್ಕಿ, ಎರಡನ್ನೂ ಒಂದೇ ಮೊರದಲ್ಲಿ ಸುರಿದು ಅಜ್ಜಿಯೂ ಮಾಬೂಬಿಯೂ ಎದುರುಬದುರು ಕೂತು ಪಾಲು ಮಾಡುತ್ತಿದ್ದರು. ಎಷ್ಟೋ ಮನೆಗಳಲ್ಲಿ ಒಲೆ ಹೊತ್ತಿತು. ಇಬ್ಬರೂ ಈಗಿಲ್ಲ, ಆ ಬೀದಿಯೂ ಮೊದಲಿನ ಹಾಗಿಲ್ಲ. ಆ ಕೂಡಿದ ಅಕ್ಕಿಯಲ್ಲಿ ಒಂದು ಹಿಡಿಯೂ ಗೌರವ್ವನಿಗೆ ಸಿಗಲಿಲ್ಲ. ನಾನು ಮೊದಲ ದಿನವೇ ಹೇಳಿದ್ದರೆ ಸಿಗುತ್ತಿತ್ತು.