ಲೀಟರಿಗೆ ಹನ್ನೆರಡು

ಆ ಟೆಂಪೋ ಲೀಟರಿಗೆ ಹನ್ನೆರಡು ಕಿಲೋಮೀಟರ್ ಓಡುವುದು ಈ ಜನ್ಮದಲ್ಲಿ ಸಾಧ್ಯವಿಲ್ಲ ಎಂದವರು ಅದರ ಮಾಲೀಕರಾದ ವಾಸು ಶೇಟ್ರು. ಹೇಳಿದ್ದು ಭಟ್ಕಳದ ಟೆಂಪೋ ಸ್ಟ್ಯಾಂಡಿನಲ್ಲಿ, ಹತ್ತು ಜನರ ಎದುರು: "ಮಾದೇವಾ, ನಿನ್ನ ಗಾಡಿ ಹನ್ನೆರಡು ಕೊಟ್ಟ ದಿವ್ಸ ನಿನ್ನ ತಮ್ಮನ ಮಗಳೂ ಬಿ.ಎ. ಪಾಸಾಗ್ತದೆ, ಹೋಗು!" ಎಲ್ಲರೂ ನಕ್ಕರು. ಆ ತಮ್ಮನ ಮಗಳು ನಾನು. ಹಿಂದಿನ ಸೀಟಿನಲ್ಲಿ ಪುಸ್ತಕ ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ಯಾರೂ ಏಳನೆಯ ಇಯತ್ತೆ ದಾಟಿರಲಿಲ್ಲ.

ದೊಡ್ಡಪ್ಪ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಬಲಗಾಲಿನ ಚಪ್ಪಲಿ ಕಳಚಿ ಸೀಟಿನ ಕೆಳಗೆ ಸರಿಸಿ ಗಾಡಿ ಹೊರಡಿಸಿದರು. ಭಟ್ಕಳದಿಂದ ಹೊನ್ನಾವರಕ್ಕೆ, ಅಲ್ಲಿಂದ ಕುಮಟೆಗೆ, ಮತ್ತೆ ವಾಪಸ್ಸು, ದಿನವೂ ಅವರು ಹೀಗೆ ಬಲಗಾಲು ಬರಿದಾಗಿಟ್ಟೇ ಓಡಿಸುತ್ತಿದ್ದರು. ಯಾಕೆಂದು ಕೇಳಿದರೆ, "ಡೀಸೆಲ್ ಟ್ಯಾಂಕಿಯಲ್ಲಿ ಇಲ್ಲ ಮಾರಾಯಾ, ಹೆಬ್ಬೆಟ್ಟಲ್ಲಿ ಉಂಟು. ಚಪ್ಪಲಿಗೆ ಅದು ಗೊತ್ತಾಗೂದಿಲ್ಲ" ಎನ್ನುತ್ತಿದ್ದರು. ಜನ ಅವರನ್ನು ಮೈಲೇಜ್ ಮಾದೇವ ಎಂದೇ ಕರೆಯುತ್ತಿದ್ದರು. ಮುಂದೆ ಹೋಗುವ ಲಾರಿಯನ್ನು ಅವರು ಹಿಂದೆ ಹಾಕಿದ್ದನ್ನು ಕಂಡವರಿಲ್ಲ. ಬ್ರೇಕ್ ತುಳಿದರೆ ಮುಖ ಹುಳಿ ತಿಂದವರ ಹಾಗಾಗುತ್ತಿತ್ತು. "ಬ್ರೇಕ್ ಅಂದ್ರೆ ಸುಟ್ಟ ಡೀಸೆಲನ್ನ ರಸ್ತೆಗೆ ಚೆಲ್ಲೂದು" ಎಂಬುದು ಅವರ ಮಾತು.

ಆದರೆ ಅವರ ನಿಜವಾದ ಕಸುಬು ಇದ್ದದ್ದು ಚಡಾವುಗಳಲ್ಲಿ, ಅಂದರೆ ಏರುಗಳಲ್ಲಿ. ನಮ್ಮ ಹೆದ್ದಾರಿಯೋ ಏರು, ಇಳಿತ, ಏರು, ಇಳಿತ. ಜನ ನಿಲ್ಲುವುದು ಮಾತ್ರ ಏರಿನ ಬುಡದಲ್ಲಿ, ಮನೆ ಹತ್ತಿರವಾಗುತ್ತದೆಂದು. ತುಂಬಿದ ಟೆಂಪೋವನ್ನು ಅಲ್ಲಿ ನಿಲ್ಲಿಸಿ ಮತ್ತೆ ಎಬ್ಬಿಸುವುದೆಂದರೆ ಕೆಸರಲ್ಲಿ ಮಲಗಿದ ಎಮ್ಮೆಯನ್ನು ಎಬ್ಬಿಸಿದಂತೆ; ಕಪ್ಪು ಹೊಗೆ, ಮೊದಲ ಗೇರು, ನರಳಾಟ. ದೊಡ್ಡಪ್ಪ ಒಂದೊಂದೇ ಊರಿನ ನಿಲ್ದಾಣವನ್ನು ಬುಡದಿಂದ ಎಬ್ಬಿಸಿ ಚಡಾವಿನ ತಲೆಗೆ ಸಾಗಿಸಿದರು. ಬೋರ್ಡಿಲ್ಲ, ಆರ್ಡರಿಲ್ಲ. ಬುಡದಲ್ಲಿ ಕೈ ಮಾಡಿದವರಿಗೆ ನಿಲ್ಲಿಸದೆ ಮೇಲೆ ಹೋಗಿ ಕಾಯುವುದು, ಅಷ್ಟೇ.

ಮೀನು ಮಾರುವ ನಾಗಮ್ಮ ಮೊದಲ ವಾರ ಅವರ ಮರ್ಯಾದೆ ತೆಗೆದಳು. "ಏ ಮಾದೇವಾ, ಬುಟ್ಟಿ ಹೊತ್ಕಂಡು ನಾ ಇಷ್ಟು ಹತ್ಬೇಕಾ? ಮತ್ತೆ ನಿನ್ನ ಟೆಂಪೋ ಇರೂದು ಎಂತಕೆ?"

"ನೀ ಹತ್ತೂಕೆ ಒಂದು ಲೋಟ ಚಾ ಸಾಕು ನಾಗಮ್ಮಾ. ಇದು ಹತ್ತೂಕೆ ಒಂದು ಲೋಟ ಡೀಸೆಲ್ ಬೇಕು."

"ಹಾಂಗಾರೆ ಆ ಚಾ ನೀನೇ ಕುಡ್ಸು!"

ಎರಡು ತಿಂಗಳಲ್ಲಿ ಆ ಚಡಾವಿನ ತಲೆಯಲ್ಲಿ ಒಂದು ಚಾ ಗೂಡು ಎದ್ದಿತು. ಬೇರೆ ಟೆಂಪೋದವರೂ ಅಲ್ಲೇ ನಿಲ್ಲಿಸತೊಡಗಿದರು.

ಬೇರೆ ಚಾಲಕರು ಇಳಿತದಲ್ಲಿ ಎಂಜಿನ್ ಬಂದ್ ಮಾಡಿ ಗಾಡಿ ಬಿಡುತ್ತಿದ್ದರು. ದೊಡ್ಡಪ್ಪ ಅದನ್ನು ಒಪ್ಪುತ್ತಿರಲಿಲ್ಲ. "ಎಂಜಿನ್ ಬಂದಾದ್ರೆ ಬ್ರೇಕ್ ಕಲ್ಲಾಗ್ತದೆ. ಹಿಂದೆ ಕೂತವ್ರ ಜೀವ ಉಳ್ಸಿದ ಮೇಲೆ ಡೀಸೆಲ್ ಉಳ್ಸೂದು." ಒಮ್ಮೆ ದುಬೈಯಿಂದ ರಜೆಗೆ ಬಂದಿದ್ದ ಭಟ್ಕಳದ ಮೀರಾನ್ ಸಾಹೇಬರು ಮುಂದಿನ ಸೀಟಿನಲ್ಲಿ ಕೂತು, ತಾವು ಅಲ್ಲಿ ಕಂಡ ಒಂದು ಗಾಡಿಯ ಸುದ್ದಿ ಹೇಳಿದರು. ನೋಡಲು ಸಣ್ಣ ಜೀಪಿನ ಹಾಗೆ. ಪೆಟ್ರೋಲೂ ಉಂಟು, ಬ್ಯಾಟರಿಯೂ ಉಂಟು. ಸಿಗ್ನಲಿನಲ್ಲಿ ನಿಂತರೆ ಎಂಜಿನ್ ತಾನೇ ಬಂದ್. ಬ್ರೇಕ್ ಒತ್ತಿದರೆ ಬ್ಯಾಟರಿ ತುಂಬುತ್ತದೆ.

"ಬ್ರೇಕ್ ಒತ್ತಿದ್ರೆ ತುಂಬ್ತದಾ?" ದೊಡ್ಡಪ್ಪ ಕೇಳಿದರು.

"ಖುದಾ ಕಸಮ್, ಮಾದೇವಣ್ಣ. ಹೈಬ್ರಿಡ್ ಅಂತಾರೆ."

ಮಂಕಿ ಊರಿನಲ್ಲಿ ದೊಡ್ಡಪ್ಪ ಜನ ಇಳಿಸಿ ಗಾಡಿ ಹೊರಡಿಸಿದರು. ಆಮೇಲೆ, "ಅದನ್ನ ಮಾಡಿದವ ಯಾವ್ದೋ ಚಡಾವಿನ ಊರಿನವ್ನೇ ಇರ್ಬೇಕು" ಎಂದರು. ಎಷ್ಟೋ ದಿನ ಆ ಗಾಡಿ ಅವರ ತಲೆಯಲ್ಲಿತ್ತು. ನನ್ನ ಕೈಲಿ ಅದರ ಹೆಸರನ್ನು ಕಾಗದದ ಚೂರಿನ ಮೇಲೆ ಬರೆಸಿ, ದೇವರ ಪಟದ ಪಕ್ಕ ಸಿಕ್ಕಿಸಿದ್ದರು.

ನಾನು ಕೊನೆಯ ವರ್ಷದಲ್ಲಿದ್ದಾಗ ಟೆಂಪೋ ಮಾರುವ ಡೀಲರು ಮೈಲೇಜ್ ಪರೀಕ್ಷೆ ಇಟ್ಟರು. ಬೆಳಿಗ್ಗೆ ಟ್ಯಾಂಕಿ ಕಂಠಮಟ್ಟ ತುಂಬಿಸಿ ಮುಚ್ಚಳಕ್ಕೆ ಸೀಲು; ಡೀಲರಿನ ಕಡೆಯವನೊಬ್ಬ ಪಕ್ಕದಲ್ಲಿ ಕೂರುತ್ತಾನೆ; ದಿನದ ಹಾಗೆಯೇ ಜನ ಹತ್ತಬೇಕು, ಇಳಿಯಬೇಕು; ಸಂಜೆ ಮತ್ತೆ ತುಂಬಿಸಿ ಲೆಕ್ಕ ನೋಡುವುದು. ಶೇಟ್ರು ಹೊಸ ಟೆಂಪೋ ತರಿಸುವವರಿದ್ದರು. "ಹನ್ನೆರಡು ಬಂದ್ರೆ ಹೊಸ ಗಾಡಿ ನಿನ್ನ ಕೈಗೆ. ಬರ್ಲಿಲ್ಲ ಅಂದ್ರೆ ಇದೂ ನನ್ನ ಭಾವನ ಮಗನಿಗೆ" ಎಂದರು. ಇಪ್ಪತ್ತು ವರ್ಷ ಕೂತ ಸೀಟು. ದೊಡ್ಡಪ್ಪ "ಆತು" ಎಂದರು.

ಆ ದಿನವೇ ಹೊನ್ನಾವರದಲ್ಲಿ ನನ್ನ ಕೊನೆಯ ಪೇಪರು. ಹಿಂದಿನ ದಿನ ಬಾವಿಕಟ್ಟೆಯಲ್ಲಿ ಜಾರಿ ಬಿದ್ದು ನನ್ನ ಕಾಲು ಕುಂಬಳಕಾಯಿಯಂತೆ ಊದಿತ್ತು. ದೊಡ್ಡಪ್ಪನ ಮನೆ ನಮ್ಮ ಮನೆಗೆ ತಾಗಿಯೇ ಇದ್ದರೂ ಅವರು ಬೆಳಕು ಹರಿಯುವಾಗಲೇ ಭಟ್ಕಳಕ್ಕೆ ಹೊರಟುಹೋಗಿದ್ದರು. ನಾನು ಕೋಲೂರಿಕೊಂಡು ಬೇಗನೇ ಹೊರಟರೂ ನಮ್ಮೂರ ಚಡಾವಿನ ಬುಡ ಮುಟ್ಟುವಷ್ಟರಲ್ಲಿ ಸಾಕಾಗಿಹೋಯಿತು. ಎರಡು ಟೆಂಪೋ ತುಂಬಿ ಹೋದವು, ನಿಲ್ಲಿಸಲಿಲ್ಲ. ಮೂರನೆಯದು ದೊಡ್ಡಪ್ಪನದು.

ನಾನು ಕೈ ಮಾಡಲಿಲ್ಲ. ಇದನ್ನು ಹೆಮ್ಮೆಗೆ ಬರೆಯುತ್ತಿಲ್ಲ, ಮಾಡಲಿಲ್ಲ, ಅಷ್ಟೇ. ಮುಖವನ್ನೂ ಆಚೆ ತಿರುಗಿಸಿದೆ. ಟೆಂಪೋ ಬಂದು ಸರಿಯಾಗಿ ನನ್ನ ಮುಂದೆ ನಿಂತಿತು. ಡೀಲರಿನವ ಬಗ್ಗಿ ದೊಡ್ಡಪ್ಪನ ಮುಖ ನೋಡಿದ.

"ಹತ್ತು ತಂಗೀ" ಎಂದರು ದೊಡ್ಡಪ್ಪ. "ಕೋಲು ಒಳ್ಗೆ ತಕ."

ನಾಗಮ್ಮ ನನ್ನ ರಟ್ಟೆ ಹಿಡಿದು ಎಳೆದುಕೊಂಡಳು. ಗಾಡಿ ನರಳಿತು, ಹೊಗೆ ಕಾರಿತು, ಹತ್ತಿತು. ಹೊನ್ನಾವರದಲ್ಲಿ ನಾಗಮ್ಮನೇ ನನ್ನ ಕೋಲು ಕೆಳಗಿಳಿಸಿಕೊಟ್ಟಳು.

ಸಂಜೆ ಲೆಕ್ಕ ಹನ್ನೊಂದೂ ಮುಕ್ಕಾಲು ಬಂತಂತೆ. ಅದೊಂದು ನಿಲುಗಡೆ ತಪ್ಪಿದ್ದರೆ ಹನ್ನೆರಡಾಗುತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಸ್ಟ್ಯಾಂಡಿನಲ್ಲಿ ಎಲ್ಲರೂ ಆಗುತ್ತಿತ್ತು ಎಂದರು. ವಾರದೊಳಗೆ ಶೇಟ್ರ ಭಾವನ ಮಗ ಬಂದು ಕೀ ಇಸಿದುಕೊಂಡ. ದೊಡ್ಡಪ್ಪ ಸೀಟಿನ ಕೆಳಗಿಂದ ಚಪ್ಪಲಿ ತೆಗೆದು ಮೆಟ್ಟಿಕೊಂಡು ಮನೆಗೆ ಬಂದರು.

ಆಮೇಲೆ ಅವರಿಗೆ ಸಿಕ್ಕಿದ್ದು ಕುಮಟೆಯ ಹತ್ತಿರ ಬಾಡದಲ್ಲಿ ಮೀನಿನ ವ್ಯಾನು. ಅಲ್ಲಿ ಮೈಲೇಜ್ ಕೇಳುವವರಿರಲಿಲ್ಲ. ಐಸು ಕರಗುವ ಮೊದಲು ಮೀನು ಮುಟ್ಟಬೇಕು. ಒಮ್ಮೆ ಕುಮಟೆಯಲ್ಲಿ ಅವರ ವ್ಯಾನು ಹಾರ್ನ್ ಹೊಡೆಯುತ್ತ, ಲಾರಿಯನ್ನು ಹಿಂದೆ ಹಾಕುತ್ತ ಹೋದದ್ದನ್ನು ಕಂಡೆ. ಕರೆಯಲಿಲ್ಲ. ಮನೆಗೆ ಬಂದಾಗ ಅವರು ಕೇಳಿದ್ದು ಒಂದೇ, "ರಿಸಲ್ಟ್ ಬಂತನಾ?" ಬಂದಿದೆ, ಪಾಸು ಎಂದೆ. "ಆತು" ಎಂದರು. ನಾನು ಆ ಬೆಳಗಿನ ಮಾತೆತ್ತಬೇಕೆಂದಿದ್ದೆ. ಅವರು ಕೈಕಾಲು ತೊಳೆಯಲು ಎದ್ದು ಹೋದರು. ನಾವು ಮಾತಾಡಿದ್ದು ಅದೇ ಕೊನೆ. ಮುಂದಿನ ವಾರ ಬಾಡದಲ್ಲಿಯೇ ಎದೆನೋವು ಬಂತು. ಕುಮಟೆಯ ಆಸ್ಪತ್ರೆ ಮುಟ್ಟಲಿಲ್ಲ. ಅಳಬೇಕೆಂದು ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ನನಗೆ ಅಳು ಬರಲಿಲ್ಲ. ಬಂದವರಿಗೆ ಚಾ ಕೊಟ್ಟೆ, ಲೋಟ ತೊಳೆದೆ.

ಪದವಿಯ ಸರ್ಟಿಫಿಕೇಟು ಪೋಸ್ಟಿನಲ್ಲಿ ಬರುವಷ್ಟರಲ್ಲಿ ವರ್ಷ ಕಳೆದಿತ್ತು. ಅದನ್ನು ತೆಗೆದುಕೊಂಡು ಪಕ್ಕದ ಮನೆಗೆ ಹೋದೆ. ದೊಡ್ಡಮ್ಮ ಜಗುಲಿಯಲ್ಲಿ ಒಣಸಿಗಡಿ ಹಸನು ಮಾಡುತ್ತಿದ್ದಳು. ಸೆರಗಿಗೆ ಕೈ ಒರೆಸಿಕೊಂಡು ಸರ್ಟಿಫಿಕೇಟು ತೆಗೆದುಕೊಂಡಳು. ನನ್ನ ಹೆಸರಿದ್ದ ಸಾಲನ್ನು ಅಕ್ಷರ ಕೂಡಿಸಿ ಓದಿದಳು.

"ಅವತ್ತು ನಿನ್ನ ಕಂಡು ಪಾಪ ಅನ್ಸಿ ನಿಲ್ಸಿದ್ರು ಅಂದ್ಕಂಡ್ಯಾ?" ಎಂದು ಕೇಳಿದಳು. ನಾನು ಜಗುಲಿಯ ಅಂಚಿನಲ್ಲಿ ಕೂತೆ.

"ಬೆಳಿಗ್ಗೆ ಚಾ ಕುಡಿವಾಗ್ಲೇ ಹೇಳಿದ್ರು, 'ಹುಡ್ಗಿ ಕಾಲು ಊದಿತ್, ಇವತ್ತು ಬುಡದಲ್ಲಿ ಒಂದು ಸಲ ನಿಲ್ಸೂಕುಂಟು' ಅಂತ." ಸರ್ಟಿಫಿಕೇಟನ್ನು ನನ್ನ ಕೈಗೆ ವಾಪಸ್ಸು ಕೊಟ್ಟು ಸಿಗಡಿಯ ಕಡೆ ತಿರುಗಿದಳು. "ನಿಲ್ಸೂದು ಬೇಡ ಅಂದವ್ಳು ನಾನು, ತಂಗೀ."